ಮರಳಿನಡಿ ಸಿಕ್ಕ ಮರ್ವಾಯಿ

"ಮರ್ವಾಯಿ!" ಎಂದು ನಾನು ಕಿರುಚಿದ ರಭಸಕ್ಕೆ ಗುಂಡಿಯ ಸುತ್ತ ಇದ್ದವರೆಲ್ಲ ಓಡಿ ಬಂದರು. ಅಬುಧಾಬಿಯಲ್ಲಿ ಹೊಸ ರಸ್ತೆ ಮಾಡುವ ಮೊದಲು ನೆಲದಡಿ ಹಳೆಯದೇನಾದರೂ ಉಂಟೇ ಎಂದು ಅಗೆದು ನೋಡುವ ಕೆಲಸಕ್ಕೆ, ಸಂಬಳ ಕೊಟ್ಟೇ ವಿದ್ಯಾರ್ಥಿಗಳನ್ನು ತಯಾರು ಮಾಡುವ ತರಬೇತಿ ಅದು. ಎರಡು ವಾರ ನನಗೆ ಬರೀ ಮರಳೇ ಸಿಕ್ಕಿತ್ತು. ಮನೆಗೆ ಕಳಿಸಿಬಿಡುತ್ತಾರೋ ಎಂಬ ಹೆದರಿಕೆ ಬೇರೆ. ಈಗ ಕರಣೆಯ ತುದಿಗೆ ಸುಟ್ಟ ಚಿಪ್ಪುಗಳ ರಾಶಿ! ಥೇಟು ಮಂಗಳೂರಿನ ಅಜ್ಜಿ ತೆಂಗಿನಕಾಯಿ ಹಾಕಿ ಸುಕ್ಕ ಮಾಡುವ ಮರ್ವಾಯಿಯ ಚಿಪ್ಪು. ತುಳು ಶಬ್ದ ತಾನಾಗಿ ಬಾಯಿಂದ ಹಾರಿತ್ತು.

ನಮ್ಮ ಮೇಲ್ವಿಚಾರಕಿ ಮರಿಯಂ ಮೇಡಂ ಅದನ್ನು ಶಾಸ್ತ್ರೀಯ ಹೆಸರೆಂದುಕೊಂಡು ಸ್ಪೆಲ್ಲಿಂಗ್ ಕೇಳಿದರು. ಖುಷಿಯ ಅಮಲಿನಲ್ಲಿ ಹೇಳಿಯೂ ಬಿಟ್ಟೆ. ಅವರು ಚೀಟಿ ಬರೆದು ಚೀಲಕ್ಕೆ ಅಂಟಿಸಿದರು! ಊಟದ ಹೊತ್ತಿಗೆ ನಿಜ ಒಪ್ಪಿಕೊಂಡಾಗ ಬಿದ್ದು ಬಿದ್ದು ನಕ್ಕರು. ಸರಿಯಾದ ಹೆಸರನ್ನು ಪಕ್ಕದಲ್ಲಿ ಬರೆದರು. ಮರ್ವಾಯಿಯನ್ನು ಮಾತ್ರ ಹೊಡೆದುಹಾಕಲಿಲ್ಲ. "ಯಾವುದೋ ಕಾಲದಲ್ಲಿ ಯಾರೋ ಸುಟ್ಟು ತಿಂದು ಎಸೆದದ್ದಲ್ಲವೇ? ಅಡುಗೆಮನೆಯ ಹೆಸರೂ ಇರಲಿ. ಯಲ್ಲಾ, ನಡಿ, ಅಗೆ!" ಎಂದರು.

ಸಂಜೆ ಅಲ್ ನಹ್ದಾದ ಮನೆಯಲ್ಲಿದ್ದ ಅಮ್ಮನಿಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. "ಎಂತ ಮಾರಾಯ್ತಿ! ಮನೆಯ ಕಸ ತೆಗಿ ಅಂದ್ರೆ ಮುಖ ಊದಿಸ್ತಿ. ಅಲ್ಲಿ ಯಾರದ್ದೋ ಎಂಜಲು ತೆಗಿಲಿಕ್ಕೆ ಸಂಬಳವಾ?"

ಈಗ ರಜೆಗೆ ಮನೆಗೆ ಹೋದಾಗಲೆಲ್ಲ ನಮ್ಮ ಫ್ಲಾಟಿನ ಕಸದ ಚೀಲವನ್ನು ನಾನೇ ಕೆಳಗೆ ಒಯ್ಯುತ್ತೇನೆ. ಬಾಯಿ ಕಟ್ಟುವ ಮೊದಲು ಒಮ್ಮೆ ಇಣುಕುತ್ತೇನೆ. ನಮ್ಮ ಬಂಗುಡೆ ಮೀನಿನ ಮುಳ್ಳು ಕಂಡು ಮುಂದೊಂದು ದಿನ ಯಾವ ಹುಡುಗಿ, ಯಾವ ಭಾಷೆಯಲ್ಲಿ ಕಿರುಚುತ್ತಾಳೋ!