ಎರಡು ಚಿವುಟು

ಅವನ ಕಸುಬು ಬೀಳುವುದು. ಕುಸ್ತಿಯ ಕಣದಲ್ಲಿ ಅವನನ್ನು ಗೋಡೆ ಎಂದು ಕರೆಯುತ್ತಿದ್ದರು. ಎದುರಾಳಿ ಎತ್ತಿ ಒಗೆದಾಗ ಗದ್ದ ಎದೆಗೆ ಅಂಟಿರಬೇಕು, ಬೆನ್ನು ಪೂರ್ತಿ ಹಲಗೆಗೆ ತಾಗಬೇಕು, ಅಂಗೈ ಜೋರಾಗಿ ಬಡಿಯಬೇಕು. ಸದ್ದು ಜನರಿಗೆ, ಪೆಟ್ಟು ಯಾರಿಗೂ ಅಲ್ಲ. ಇದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ; ಹಾಗಾಗಿಯೇ ಗೆಲ್ಲುವ ಸರದಿ ಅವನಿಗೆ ಬರಲೇ ಇಲ್ಲ. ಯಾರು ಗೆಲ್ಲಬೇಕೆಂದು ಪಂದ್ಯ ನಡೆಸುವ ಯಜಮಾನ ಮೊದಲೇ ಹೇಳುತ್ತಿದ್ದ. ಅದನ್ನು ಹೊರಗೆ ಯಾರೂ ಬಾಯಿಬಿಡುವಂತಿರಲಿಲ್ಲ, ಹೆತ್ತ ಮಕ್ಕಳ ಮುಂದೆಯೂ.

“ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ನಂಗೆ ಆ ಚಿಂತೆಯೇ ಬೇಡ ಅಂತ ಮೀಸೆ ಬೋಳಿಸಿಬಿಟ್ಟೆ,” ಎಂದು ಅವನೇ ನಗಿಸುತ್ತಿದ್ದ. ಆದರೆ ಶಾಲೆಯಲ್ಲಿ ಹುಡುಗಿಯರು ಮಗಳನ್ನು “ಗೋಡೆ ಬಿತ್ತು, ಇಟ್ಟಿಗೆ ಆರಿಸ್ಕೋ” ಎಂದು ರೇಗಿಸಿದ ದಿನ ಅವನಿಗೆ ನಗು ಬರಲಿಲ್ಲ. ಯಜಮಾನನ ಕೋಣೆಗೆ ಹೋಗಿ ನಿಂತ.

“ಮಂಡಿ ಸವೆದುಹೋಗಿದೆ. ಕಣ ಬಿಡೋಕೆ ಮುಂಚೆ ಒಂದೇ ಒಂದು ಸಲ ಗೆಲ್ಲಿಸಿ. ಮಗಳು ನೋಡ್ಬೇಕು.”

“ಆಯ್ತಯ್ಯ. ಸಿಡಿಲಿಗೆ ನಾನೇ ಹೇಳ್ತೀನಿ.”

ಸಿಡಿಲು ಅಂದರೆ ಗೋಡೆಯ ಹೆಂಡತಿಯ ತಮ್ಮ, ಆಗಿನ ಚಾಂಪಿಯನ್. ಕೈಹಿಡಿದು ಕಲಿಸಿದವನು ಗೋಡೆಯೇ. ಕಲಿಸಿದ ಮೊದಲ ಪಾಠ ಇದು: ನಿಜವಾಗಿ ನೋವಾದರೆ ಎದುರಾಳಿಯ ತೋಳನ್ನು ಎರಡು ಸಲ ಚಿವುಟು. ಚಿವುಟಿಸಿಕೊಂಡವನು ಎಂಥ ಪಟ್ಟಿನಲ್ಲಿದ್ದರೂ ತಕ್ಷಣ ಬಿಡಬೇಕು. ಈ ಕಸುಬಿನಲ್ಲಿ ಮಿಕ್ಕಿದ್ದೆಲ್ಲ ಸುಳ್ಳಾಗಬಹುದು, ಅದೊಂದು ಆಗಕೂಡದು.

“ನಿಮಗಲ್ಲದೆ ಇನ್ಯಾರಿಗೆ ಬಿಟ್ಟುಕೊಡ್ಲಿ ಭಾವ?” ಎಂದ ಸಿಡಿಲು, ಹೆಗಲ ಮೇಲೆ ಕೈಹಾಕಿ.

ಪಂದ್ಯದ ಸಂಜೆ ಮಗಳು ಅಮ್ಮನ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದಳು. ಮಾತಿನಂತೆ ಸಿಡಿಲು ಬಿದ್ದ. ಗೋಡೆ ಅವನ ಮೇಲೆ ಎದೆಯೂರಿ ಒರಗಿದ. ಮೂರು ಎಣಿಸುವವರೆಗೆ ಹಿಡಿದಿದ್ದರೆ ಚಾಂಪಿಯನ್ನನ ಬೆಲ್ಟು ಅವನದು. ತೀರ್ಪುಗಾರ ಹಲಗೆ ಬಡಿದ: ಒಂದು. ಮಗಳು ಕುರ್ಚಿ ಹತ್ತಿ ನಿಂತಳು. ಎರಡು.

ತೋಳಿನಲ್ಲಿ ಒಂದು ಚಿವುಟು. ಮತ್ತೊಂದು.

ಅವನು ಯೋಚಿಸಲಿಲ್ಲ, ಮೈ ತಾನಾಗಿ ಸರಿಯಿತು. “ಎಲ್ಲೋ ನೋವು? ಕತ್ತಾ?” ಎಂದು ಪಿಸುಗುಟ್ಟುವಷ್ಟರಲ್ಲಿ ಸಿಡಿಲು ಅವನ ಕಾಲು ಮಡಚಿ, ಮಗುಚಿ, ಮೇಲೇರಿದ್ದ. ಏನಾಯಿತೆಂದು ಹೊಳೆಯುವ ಮೊದಲೇ ತೀರ್ಪುಗಾರ ಮೂರು ಎಣಿಸಿದ್ದ, ಗಂಟೆ ಬಾರಿಸಿಯಾಗಿತ್ತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಸಿಡಿಲು ಬೆವರು ಒರೆಸಿಕೊಳ್ಳುತ್ತಿದ್ದ.

“ಚಿವುಟಿದೆಯಲ್ಲೋ,” ಎಂದ ಗೋಡೆ.

“ಇನ್ನೇನ್ಮಾಡ್ಲಿ ಭಾವ? ಬೇರೆ ಯಾವುದಕ್ಕೂ ನೀವು ಬಿಡ್ತಿರ್ಲಿಲ್ಲ. ನೀವೋ ಮನೆಗೆ ಹೋಗೋರು. ನಾನಿನ್ನೂ ಇಲ್ಲೇ ಬದುಕ್ಬೇಕು.”

ಯಜಮಾನ ಬಾಗಿಲಲ್ಲೇ ನಿಂತು ಹೇಳಿದ: “ಜನ ಎದ್ದು ಕೂಗಿದ್ರಲ್ಲ, ಬಿಟ್ಟಾಕು. ಯಾರಿಗೆ ದೂರು ಕೊಡ್ತೀಯ? ಏನಂತ ಕೊಡ್ತೀಯ? ಗೆಲುವು ನಂದೇ ಅಂತ ಮೊದ್ಲೇ ಮಾತಾಗಿತ್ತು ಅಂತಲಾ?”

ಮನೆಯಲ್ಲಿ ಹೆಂಡತಿ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಮಗಳು ಬಾಗಿಲಿಗೊರಗಿ ನಿಂತಿದ್ದಳು.

“ಮಾವ ನಿಮ್ಮ ಕೆಳಗಿದ್ರು ಅಪ್ಪ. ಎರಡು ಅಂತ ಎಣಿಸಿಯೂ ಆಗಿತ್ತು. ನೀವೇ ಬಿಟ್ರಿ. ನಾನು ನೋಡ್ದೆ.”

“ಅಪ್ಪಂಗೆ ಸುಸ್ತಾಗಿತ್ತು ಕಣೇ,” ಎಂದಳು ಹೆಂಡತಿ.

ಅವನು ಕತ್ತು ತಿರುಗಿಸಿ ಅವಳನ್ನು ನೋಡಿದ. ಮಗಳಿಗೆ ಕೇಳದಂತೆ ಮೆಲ್ಲಗೆ ಅಂದ: “ನಿನ್ನ ತಮ್ಮ ಚಿವುಟಿದ್ದು ನೀನೂ ನೋಡ್ದೆ, ಅಲ್ವಾ?”

“ನೋಡ್ದೆ. ಏನ್ಮಾಡ್ಲಿ, ಒಡಹುಟ್ಟಿದವನು,” ಎಂದು ಅವಳು ಅಂಗೈಗೆ ಮತ್ತಷ್ಟು ಎಣ್ಣೆ ಸುರಿದುಕೊಂಡಳು.

“ಯಾಕ್ ಬಿಟ್ರಿ ಹೇಳಿ ಅಪ್ಪ,” ಮಗಳು ಬಿಡಲಿಲ್ಲ. ಮಾವನಿಗೆ ನೋವಾಯಿತು ಅಂದುಕೊಂಡೆ ಎನ್ನಬಹುದಿತ್ತು. ಹೇಗೆ ಗೊತ್ತಾಯ್ತು ಎಂದು ಕೇಳಿದರೆ ಚಿವುಟಿನ ಮಾತು ಬರುತ್ತಿತ್ತು; ಅದರ ಹಿಂದೆಯೇ ಕಣದ ಒಳಗುಟ್ಟೆಲ್ಲ ಬರುತ್ತಿತ್ತು.

“ಕೈ ಸೋತುಹೋಯ್ತಮ್ಮ.”

ಅವಳು ಅವನ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿದಳು.

“ನಾಳೆಯಿಂದ ಶಾಲೆಗೆ ನಾನೊಬ್ಳೇ ಹೋಗ್ತೀನಿ,” ಎಂದಳು. “ನೀವು ಗೇಟಿನ ಹತ್ರ ಬರ್ಬೇಡಿ.”