ದಿನ ಬರೆಯದ ಚೀಟಿ

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಹುಕ್ಕೇರಿ ತಾಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ಬೆಲ್ಲದ ಬಾಗೇವಾಡಿಯ ಮಲ್ಲವ್ವ ತನ್ನ ಕುರಿ ಕಾಯುವ ನಾಯಿ ರಾಜಾನನ್ನು ತಂದಳು. ಮೈತುಂಬ ತುರಿಕೆ. ದಿನಕ್ಕೊಂದು ಪ್ರೆಡ್ನಿಸೊಲೋನ್ ಗುಳಿಗೆ ಎಂದು ಚೀಟಿ ಗೀಚಿದೆ. ಎಷ್ಟು ದಿನ ಎಂದು ಬರೆಯಲಿಲ್ಲ. ಹೊರಗೆ ಎಮ್ಮೆಗಳ ಸಾಲಿತ್ತು, ನಾಯಿಗೆ ಅಷ್ಟು ಸಾಕೆಂಬ ಧಿಮಾಕು ನನ್ನದು.

ಹಳೆಯ ಚೀಟಿ ತೋರಿಸಿದರೆ ಔಷಧ ಅಂಗಡಿಯಲ್ಲಿ ಮತ್ತೆ ಮತ್ತೆ ಗುಳಿಗೆ ಸಿಗುವುದು ನಮ್ಮ ಕಡೆಯ ರೂಢಿ. ಮಲ್ಲವ್ವ ಏಳು ತಿಂಗಳು ಒಂದು ದಿನವೂ ತಪ್ಪದೆ ರೊಟ್ಟಿಯ ತುಣುಕಿನಲ್ಲಿಟ್ಟು ತಿನ್ನಿಸಿದಳು.

ಈ ಗುಳಿಗೆ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನಿನ ಜಾತಿಯದು. ರಕ್ತದ ಬಿಳಿಕಣಗಳಲ್ಲಿರುವ ರಿಸೆಪ್ಟರ್, ಅಂದರೆ ಹಾರ್ಮೋನನ್ನು ಹಿಡಿದುಕೊಳ್ಳುವ ಜಾಗ, ಅದನ್ನು ಹಿಡಿದಾಗ ತುರಿಕೆ ತಣ್ಣಗಾಗುತ್ತದೆ. ಜೊತೆಗೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಸ್ನಾಯು ಕರಗುತ್ತದೆ. ದಿನವೂ ಹೊರಗಿನಿಂದ ಬಂದರೆ ದೇಹದ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಆಗ ಗುಳಿಗೆ ಒಮ್ಮೆಲೇ ನಿಂತರೆ ಎರಡೂ ಇಲ್ಲದೆ ಜೀವಕ್ಕೇ ಅಪಾಯ; ಆದ್ದರಿಂದ ಪ್ರಮಾಣವನ್ನು ವಾರಗಟ್ಟಲೆ ಇಳಿಸುತ್ತ ಬಿಡಿಸಬೇಕು. ಇದೆಲ್ಲ ನನಗೆ ಗೊತ್ತಿತ್ತು.

ಲಸಿಕೆ ಹಾಕಲು ಊರಿಗೆ ಹೋದಾಗ ರಾಜಾನ ಹೊಟ್ಟೆ ಜೋತುಬಿದ್ದಿತ್ತು, ಕೂದಲು ಉದುರಿತ್ತು; ಗುಳಿಗೆ ಇನ್ನೂ ನಡೆದೇ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಇಷ್ಟ ದಿನ ಕೊಡ ಅಂತ ಯಾರ್ ಹೇಳಿದ್ರ ನಿನಗ? ಇವತ್ತಿಂದ ಬಂದ್!" ಎಂದು ಮಂದಿಯ ಮುಂದೆ ಬೈದೆ.

ನಾಲ್ಕನೆಯ ದಿನ ಅವಳ ಫೋನು ಬಂತು. "ಸಾಹೇಬ್ರ, ರಾಜಾ ಏಳವಲ್ತು, ವಾಂತಿ ಮಾಡಾಕತ್ತೈತಿ. ಒಂದ ಗುಳಗಿ ಕೊಡ್ಲೇನ್ರಿ?"

"ಮುಟ್ಟಬ್ಯಾಡ. ನಾಳೆ ಬರ್ತೀನಿ" ಎಂದೆ.

ಆ ಒಂದು ಗುಳಿಗೆಯಿಂದ ಉಳಿಯುತ್ತಿತ್ತೋ ಇಲ್ಲವೋ. ಅಂದೇ ಹೋಗಿ ಸಲೈನ್ ಹಚ್ಚಿ, ಅದೇ ಜಾತಿಯ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರೆ ಬಹುಶಃ ಉಳಿಯುತ್ತಿತ್ತು. ಮರುದಿನ ಹೋಗುವಷ್ಟರಲ್ಲಿ ರಾಜಾ ಸತ್ತಿತ್ತು.

"ಗುಳಗಿ ಕೊಟ್ಟ ಕೊಟ್ಟ ನಾನ ಕೊಂದ್ನೇನ್ರಿ?" ಎಂದು ಮಲ್ಲವ್ವ ಕೇಳಿದಳು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಬೈಕ್ ಹತ್ತಿ ಬಂದುಬಿಟ್ಟೆ. ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ.

ಒಂಬತ್ತು ದಿನದ ಮೇಲೆ ಮತ್ತೆ ಹೋದೆ. "ತಪ್ಪ ನಂದವ್ವ. ಚೀಟ್ಯಾಗ ದಿನ ಬರೀಲಿಲ್ಲ. ಒಮ್ಮಿಲೆ ಬಿಡಿಸಿದಾವನೂ ನಾನ" ಎಂದೆ.

ಮಲ್ಲವ್ವ ಕೇಳಿದಳು: "ನನ್ನ ಪಾಪ ಅಂತ ಒಂಬತ್ತ ದಿನ ಒಪ್ಪತ್ತ ಉಂಡೀನ್ರಿ, ಸಾಹೇಬ್ರ. ಅದು ಯಾರ ಪಾಪಕ್ಕ?"

ಚೀಟಿಯಲ್ಲಿ ದಿನ ಬರೆಯುವುದನ್ನು ಅಲ್ಲಿಂದ ಎಂದೂ ಮರೆಯಲಿಲ್ಲ. ತಪ್ಪನ್ನು ತಪ್ಪಾದ ದಿನವೇ ಹೇಳಬೇಕೆಂಬುದನ್ನೂ ಕಲಿತೆ. ಆದರೆ ಆ ಒಂಬತ್ತು ದಿನಗಳನ್ನು ಮಲ್ಲವ್ವನಿಗೆ ತಿರುಗಿ ಕೊಡಲು ನನ್ನಿಂದ ಆಗಲಿಲ್ಲ.