ಹಿತ್ತಾಳೆ ಬಾಗಿಲು ಹೊರುವವರ ಮುಷ್ಕರ

ಗೆಳೆಯರೇ, ಇವತ್ತು ಮುಂಬಯಿಯ ವಡಾಲದ ನಮ್ಮ ಬಿಲ್ಡಿಂಗಿನ ಟೆರೇಸ್ ಮೇಲೆ ಮುಷ್ಕರವೊಂದು ಗೆದ್ದಿತು.

ಪ್ರತಿ ಭಾನುವಾರ ನಾವು ಬಿಲ್ಡಿಂಗಿನ ಹುಡುಗರು ಕಾಗದ, ದಾಳ ಹಿಡಿದು ಸಾಹಸದ ಆಟ ಆಡುತ್ತೇವೆ. ಕತೆ ನಡೆಸುವವನು ನಾನು, ಕತೆಯೊಳಗಿನ ವೀರರು ಉಳಿದವರು. ಈ ವೀರರಿಗೆ ನೆಲಮಾಳಿಗೆಯ ರಾಕ್ಷಸ ಬೇಡ. ಅಲ್ಲಿನ ಹಿತ್ತಾಳೆ ಬಾಗಿಲು, ಕಂಬದ ತಾಮ್ರದ ತಗಡು ಬೇಕು, ಮಾರಿಕೊಳ್ಳಲು. ಎಷ್ಟು ಬೈದರೂ ಕೀಳುವುದು ನಿಂತಿರಲಿಲ್ಲ. ಇವತ್ತೂ ಗಿರೀಶ ಬಾಗಿಲು ಕಿತ್ತು ಆಟದೊಳಗಿನ ಬಾಡಿಗೆ ಹಮಾಲರ ತಲೆಗೆ ಹೊರಿಸಿದ.

“ಹಮಾಲರು ಕೂತುಬಿಟ್ಟರು. ಲೂಟಿಯಲ್ಲಿ ಸಮಪಾಲು ಬೇಕಂತೆ,” ಎಂದೆ.

“ಅರೇ ಯಾರ್, ಆಟದಲ್ಲಿ ಅವರಿಗೆ ಹೆಸರೂ ಇಲ್ಲ! ಹೀಗಾದ್ರೆ ನಾನು ಆಡೋದೇ ಇಲ್ಲ,” ಎಂದು ಗಿರೀಶ ರೇಗಿದ.

ನಾನು ಒಬ್ಬೊಬ್ಬ ಹಮಾಲನಿಗೂ ಹೆಸರು ಬರೆಯತೊಡಗಿದೆ. ಆಗ ಬಸವರಾಜ ತನ್ನ ವೀರನ ಚೀಟಿ ಹರಿದ. ಅವನ ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಾರೆ.

“ನನ್ನ ಹೆಸರೂ ಬರಿ. ಇನ್ನ ಮ್ಯಾಲ ನಾ ಹಮಾಲ. ಗಿರೀಶಾ, ಬಾಗಲಾ ನೀನ ಹೊರು, ನೋಡೂಣು!”

ಗಿರೀಶ ಎದ್ದುಹೋಗಲಿಲ್ಲ. ಸಂಧಾನಕ್ಕೆ ಕೂತು, ಕೊನೆಗೆ ಸಮಪಾಲಿಗೆ ಒಪ್ಪಿದ.

ರಾಕ್ಷಸನ ಮುಖವನ್ನು ಇನ್ನೂ ಯಾರೂ ನೋಡಿಲ್ಲ. ಆದರೆ ನೆಲಮಾಳಿಗೆಯಲ್ಲಿ ಹಮಾಲರ ಸಂಘ ಹುಟ್ಟಿದೆ, ಹೆಮ್ಮೆಯಿಂದ ಹೇಳುತ್ತಿದ್ದೇನೆ. ಕಿತ್ತ ಬಾಗಿಲನ್ನು ಸಂಘದ ಕಚೇರಿಗೇ ಹಾಕಿಸಿದ್ದೇವೆ.